ಪೆಟ್ಟಿಗೆಯೊಳಗಿನ ಗಾಳಿಯ ದಾರಿ



ನಿಮ್ಮ ಶಾಲೆಯಲ್ಲಿ ಗಣಕಯಂತ್ರ ಇದೆಯೇ? ಅದು ಅರ್ಧ ಗಂಟೆ ಕೆಲಸ ಮಾಡಿದ ಮೇಲೆ ಅದರ ಪೆಟ್ಟಿಗೆಯ ಹಿಂಭಾಗಕ್ಕೆ ಹೋಗಿ, ಒಂದು ಗೇಣು ದೂರದಲ್ಲಿ ಅಂಗೈ ಹಿಡಿದು ನೋಡಿ. ಬೆಚ್ಚನೆಯ ಗಾಳಿ ಕೈಗೆ ತಾಗುತ್ತದೆ. ಕಿವಿಗೊಟ್ಟು ಕೇಳಿ. ಒಳಗೆ ಪುಟ್ಟ ಫ್ಯಾನ್ ಗುಂಯ್‌ಗುಡುತ್ತಿದೆ.

ಬೇಸಿಗೆಯ ಮಧ್ಯಾಹ್ನ ಕೆಲವೊಮ್ಮೆ ಗಣಕವು ಕೆಲಸದ ನಡುವೆ ತಾನಾಗಿಯೇ ನಿಂತುಬಿಡುತ್ತದೆ. ವಿದ್ಯುತ್ ಇರುತ್ತದೆ, ಗುಂಡಿಯನ್ನೂ ಯಾರೂ ಮುಟ್ಟಿರುವುದಿಲ್ಲ. ಆದರೂ ನಿಲ್ಲುತ್ತದೆ. ಹೀಗಾಗಲು ಒಂದು ಮುಖ್ಯ ಕಾರಣ ಒಳಗಿನ ಬಿಸಿ. ಒಳಗಿನ ಚಿಪ್ ಅಳತೆ ಮೀರಿ ಬಿಸಿಯಾದರೆ, ಸುಟ್ಟುಹೋಗದಿರಲೆಂದು ಗಣಕವು ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ.

ಫ್ಯಾನ್ ತಿರುಗುತ್ತಿದ್ದರೂ ಹೀಗಾಗಬಹುದೇ? ಆಗಬಹುದು. ಏಕೆಂದರೆ ಗಾಳಿ ಇದ್ದರೆ ಸಾಲದು, ಅದು ಬಿಸಿಯಾದ ಜಾಗಕ್ಕೇ ಹೋಗಬೇಕು. ಕಣ್ಣಿಗೆ ಕಾಣದ ಈ ಗಾಳಿಯ ದಾರಿಯನ್ನು ಎಂಜಿನಿಯರುಗಳು ಕಂಡುಕೊಳ್ಳುವುದು ಹೇಗೆ? ಈ ಪಾಠದಲ್ಲಿ ಅದನ್ನು ತಿಳಿಯೋಣ. ಅವರು ಮಾಡುವ ಲೆಕ್ಕವನ್ನು ನಾವೂ ಸ್ಲೇಟಿನ ಮೇಲೆ ಮಾಡಿ ನೋಡೋಣ.

ಶಾಖ ಎಲ್ಲಿಂದ ಬಂತು?

ತಂತಿಯಲ್ಲಿ ವಿದ್ಯುತ್ ಹರಿದಾಗ ತಂತಿ ಬಿಸಿಯಾಗುತ್ತದೆ. ಇಸ್ತ್ರಿಪೆಟ್ಟಿಗೆಯಲ್ಲಿ ಆ ಶಾಖವೇ ನಮಗೆ ಬೇಕು. ಗಣಕದಲ್ಲಿ ಬೇಡ. ಆದರೂ ಗಣಕದ ಪೆಟ್ಟಿಗೆಗೆ ಹೋದ ವಿದ್ಯುತ್ ಶಕ್ತಿ ಬಹುಮಟ್ಟಿಗೆ ಎಲ್ಲವೂ ಕೊನೆಗೆ ಶಾಖವಾಗಿಯೇ ಹೊರಬರುತ್ತದೆ.

ಇದು ಹೊಸ ತೊಂದರೆಯೇನೂ ಅಲ್ಲ. 1946ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಎನಿಯಾಕ್ ಎಂಬ ಗಣಕವನ್ನು ಲೋಕಕ್ಕೆ ತೋರಿಸಿದರು. ಅದರಲ್ಲಿ ಬಲ್ಬುಗಳಂತೆ ಕಾಣುವ ಸುಮಾರು 18,000 ವಾಲ್ವುಗಳಿದ್ದವು. ಅದಕ್ಕೆ ಸುಮಾರು 150 ಕಿಲೋವ್ಯಾಟ್ ವಿದ್ಯುತ್ ಬೇಕಿತ್ತು. ಎಂದರೆ 100 ವ್ಯಾಟಿನ 1,500 ಬಲ್ಬುಗಳು ಒಂದೇ ಕೋಣೆಯಲ್ಲಿ ಉರಿದಂತೆ! ಆ ಶಾಖವನ್ನು ಹೊರಹಾಕಲು ದೊಡ್ಡ ಗಾಳಿಯಂತ್ರಗಳನ್ನು ಕೂಡಿಸಿದ್ದರು. ಇಂದಿನ ಗಣಕ ಬಹಳ ಕಡಿಮೆ ವಿದ್ಯುತ್ತನ್ನು ಬಳಸುತ್ತದೆ. ಆದರೆ ಅದರ ಶಾಖದ ಹೆಚ್ಚಿನ ಪಾಲು ಉಗುರಿನಷ್ಟು ಅಗಲದ ಚಿಪ್ಪಿನಿಂದಲೇ ಬರುತ್ತದೆ. ಅಷ್ಟು ಸಣ್ಣ ಜಾಗದಿಂದ ಶಾಖವನ್ನು ತೆಗೆಯುವುದೇ ಈಗಿನ ಸವಾಲು.

ಎಷ್ಟು ಗಾಳಿ ಬೇಕು?

ಒಂದು ಸಣ್ಣ ಲೆಕ್ಕ ಮಾಡೋಣ. ಶಾಖವನ್ನು ಜೂಲ್ ಎಂಬ ಮಾನದಲ್ಲಿ ಅಳೆಯುತ್ತಾರೆ. 120 ವ್ಯಾಟಿನ ಗಣಕ ಎಂದರೆ ಪ್ರತಿ ಸೆಕೆಂಡಿಗೆ 120 ಜೂಲ್ ಶಾಖ ಹೊರಬಿಡುವ ಗಣಕ.

1 ಲೀಟರ್ ಗಾಳಿಯ ಉಷ್ಣತೆಯನ್ನು 1° ಸೆ. ಏರಿಸಲು ಸುಮಾರು 1.2 ಜೂಲ್ ಶಾಖ ಸಾಕು.
ಗಾಳಿಯು ಪೆಟ್ಟಿಗೆಯನ್ನು ಹೊಕ್ಕು ಹೊರಬರುವಷ್ಟರಲ್ಲಿ 10° ಸೆ.ನಷ್ಟು ಬಿಸಿಯಾಗಬಹುದು ಎಂದುಕೊಳ್ಳೋಣ.
ಆಗ 1 ಲೀಟರ್ ಗಾಳಿ ಹೊತ್ತೊಯ್ಯುವ ಶಾಖ: 1.2 × 10 = 12 ಜೂಲ್.
ಪ್ರತಿ ಸೆಕೆಂಡಿಗೆ ಬೇಕಾದ ಗಾಳಿ: 120 ÷ 12 = 10 ಲೀಟರ್.

ಎಂದರೆ ಪ್ರತಿ ಸೆಕೆಂಡಿಗೆ ಒಂದು ಸಣ್ಣ ಬಕೆಟ್ಟಿನ ತುಂಬ ಗಾಳಿ ಪೆಟ್ಟಿಗೆಯ ಮೂಲಕ ಹಾದುಹೋಗಬೇಕು. ಒಂದು ನಿಮಿಷಕ್ಕೆ 60 ಬಕೆಟ್! ಇದೇ ಕೆಲಸಕ್ಕೆ ನೀರಾದರೆ ಸೆಕೆಂಡಿಗೆ ಅರ್ಧ ಚಮಚೆ ಸಾಕು, ಏಕೆಂದರೆ 1 ಲೀಟರ್ ನೀರನ್ನು 1° ಸೆ. ಏರಿಸಲು ಸುಮಾರು 4,200 ಜೂಲ್ ಶಾಖ ಬೇಕು. ಹಾಗಾಗಿ ಬಹಳ ದೊಡ್ಡ ಗಣಕಗಳಲ್ಲಿ ತಂಪುಮಾಡಲು ನೀರಿನ ಕೊಳವೆಗಳನ್ನೂ ಬಳಸುವುದುಂಟು. ಶಾಲೆ ಮನೆಗಳ ಗಣಕಗಳಿಗೆ ಮಾತ್ರ ಗಾಳಿಯೇ ಆಧಾರ.

ಗಾಳಿ ಸುಲಭದ ದಾರಿ ಹಿಡಿಯುತ್ತದೆ

ತೋಟಕ್ಕೆ ನೀರು ಹಾಯಿಸುವುದನ್ನು ನೋಡಿದ್ದೀರಲ್ಲವೇ? ಕಾಲುವೆಗೆ ನೀರು ಬಿಟ್ಟ ಮಾತ್ರಕ್ಕೆ ಎಲ್ಲ ಮಡಿಗಳಿಗೂ ನೀರು ಸಿಗುವುದಿಲ್ಲ. ತಗ್ಗಿನ ಮಡಿಗೆ ಬೇಕಾದ್ದಕ್ಕಿಂತ ಹೆಚ್ಚು ಹೋಗುತ್ತದೆ, ಮೂಲೆಯ ಮಡಿ ಒಣಗಿಯೇ ಉಳಿಯುತ್ತದೆ. ಅದಕ್ಕೇ ರೈತರು ಗುದ್ದಲಿ ಹಿಡಿದು ಒಂದು ಕಡೆ ಬದು ಕಟ್ಟಿ, ಇನ್ನೊಂದು ಕಡೆ ಬಾಯಿ ಬಿಡಿಸುತ್ತಾರೆ.

ಗಾಳಿಯೂ ಹೀಗೆಯೇ. ಒಳಬರುವ ಕಿಂಡಿಯಿಂದ ಹೊರಹೋಗುವ ಕಿಂಡಿಗೆ ಯಾವ ದಾರಿಯಲ್ಲಿ ಅಡ್ಡಿ ಕಡಿಮೆಯೋ ಆ ದಾರಿಯಲ್ಲೇ ಹೆಚ್ಚು ಹರಿಯುತ್ತದೆ. ಬಿಸಿಯಾದ ಚಿಪ್ ಮೂಲೆಯಲ್ಲಿದ್ದರೆ ಗಾಳಿ ಅದನ್ನು ಬಿಟ್ಟು ಮುಂದೆ ಹೋಗಿಬಿಡಬಹುದು.

ಇನ್ನೊಂದು ಸಂಗತಿ. ಸೆಕೆಯ ದಿನಗಳಲ್ಲಿ ಕೆಲವರು ಗಣಕದ ಪಕ್ಕದ ತಗಡನ್ನು ಬಿಚ್ಚಿಡುತ್ತಾರೆ. ತೆರೆದಿಟ್ಟರೆ ತಂಪಾಗುವುದೆಂದು ಅವರ ಎಣಿಕೆ. ಎಳನೀರು ಕುಡಿಯುವ ಕೊಳವೆಗೆ ಬಾಯಿಯ ಹತ್ತಿರವೇ ತೂತು ಬಿದ್ದರೆ ಏನಾಗುತ್ತದೆ? ಎಷ್ಟು ಹೀರಿದರೂ ಎಳನೀರು ಬಾರದೆ ಗಾಳಿಯೇ ಬರುತ್ತದೆ. ತಗಡು ಬಿಚ್ಚಿದಾಗಲೂ ಫ್ಯಾನ್ ಹತ್ತಿರದ ತೆರೆದ ಜಾಗದಿಂದಲೇ ಗಾಳಿಯನ್ನು ಎಳೆದುಕೊಳ್ಳುತ್ತದೆ. ದೂರದ ಕಿಂಡಿಯಿಂದ, ಬಿಸಿ ಭಾಗಗಳ ಮೇಲೆ ಹಾದು ಬರಬೇಕಿದ್ದ ಗಾಳಿ ಕಡಿಮೆಯಾಗುತ್ತದೆ. ಒಂದು ಭಾಗ ತಂಪಾದರೂ ಮತ್ತೊಂದು ಭಾಗ ಮೊದಲಿಗಿಂತ ಬಿಸಿಯಾಗಬಹುದು. ಪೆಟ್ಟಿಗೆಯ ತಗಡು ಬರೀ ಮುಚ್ಚಳವಲ್ಲ, ಅದು ಗಾಳಿಗೆ ಕಟ್ಟಿದ ಬದು.

ಮಾಡಿ ನೋಡಿ – 1 (ಶಿಕ್ಷಕರು ಜೊತೆಯಲ್ಲಿರಬೇಕು)

ಬೇಕಾದ ವಸ್ತುಗಳು: ಚಪ್ಪಲಿಯ ರಟ್ಟಿನ ಪೆಟ್ಟಿಗೆ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ನಾಲ್ಕೈದು ಖಾಲಿ ಬೆಂಕಿಪೊಟ್ಟಣ, ಊದುಬತ್ತಿ, ಬೀಸಣಿಗೆ.

ಪೆಟ್ಟಿಗೆಯ ಎರಡು ತುದಿಗಳಲ್ಲಿ ರೂಪಾಯಿ ನಾಣ್ಯದ ಅಗಲದ ಒಂದೊಂದು ಕಿಂಡಿ ಮಾಡಿ. ಒಳಗೆ ಬೆಂಕಿಪೊಟ್ಟಣಗಳನ್ನು ಅಲ್ಲಲ್ಲಿ ಅಂಟಿಸಿ. ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಹೊದಿಸಿ. ಹೊತ್ತಿಸಿದ ಊದುಬತ್ತಿಯನ್ನು ಒಂದು ಕಿಂಡಿಯ ಎದುರು, ರಟ್ಟಿಗೆ ತಾಗದಂತೆ ಹಿಡಿಯಿರಿ. ಹಿಂದಿನಿಂದ ಮೆಲ್ಲಗೆ ಬೀಸಿ. ಹೊಗೆ ಒಳಗೆ ಸಾಗುವ ದಾರಿಯನ್ನು ನೋಡಿ.

ಪೆಟ್ಟಿಗೆ ಹೊಗೆಯಿಂದ ತುಂಬಿದ ಮೇಲೆ ಊದುಬತ್ತಿಯನ್ನು ದೂರ ಸರಿಸಿ, ಬೀಸುವುದನ್ನು ಮುಂದುವರಿಸಿ. ಎಲ್ಲಿ ಹೊಗೆ ಬೇಗ ತೊಲಗಿತು? ಎಲ್ಲಿ ಕೊನೆಯವರೆಗೂ ನಿಂತಿತು? ಕೊನೆಯವರೆಗೆ ಹೊಗೆ ನಿಂತ ಜಾಗವೇ ಗಾಳಿ ಓಡಾಡದ ಮೂಲೆ. ಅಲ್ಲಿ ಬಿಸಿಯಾದ ಚಿಪ್ ಇದ್ದರೆ ಅದರ ಗತಿ ಏನು? ಪೊಟ್ಟಣಗಳ ಜಾಗವನ್ನು ಬದಲಿಸಿ ಮತ್ತೆ ಪರೀಕ್ಷಿಸಿ.

ಕಟ್ಟುವ ಮೊದಲೇ ತಿಳಿಯುವುದು ಹೇಗೆ?

ಒಂದೊಂದು ಬಾರಿಯೂ ನೀವು ಪೊಟ್ಟಣಗಳನ್ನು ಕಿತ್ತು ಅಂಟಿಸಬೇಕಾಯಿತು. ಎಂಜಿನಿಯರುಗಳು ಹೀಗೆ ನಿಜವಾದ ಯಂತ್ರವನ್ನೇ ಕಟ್ಟಿ, ಕೆಡವಿ, ಮತ್ತೆ ಕಟ್ಟುತ್ತ ಹೋದರೆ ಹಣವೂ ಸಮಯವೂ ಬಹಳ ವ್ಯಯವಾಗುತ್ತವೆ. ಅದಕ್ಕಾಗಿ ಅವರು ಯಂತ್ರವನ್ನು ಕಟ್ಟುವ ಮೊದಲು ಅದರ ಚಿತ್ರವನ್ನು ಗಣಕದೊಳಗೆ ರಚಿಸುತ್ತಾರೆ. ಅದರಲ್ಲಿ ಗಾಳಿ ಹೇಗೆ ಹರಿಯುವುದೆಂದು ಲೆಕ್ಕದಿಂದಲೇ ಕಂಡುಹಿಡಿಯುತ್ತಾರೆ. ಇದಕ್ಕೆ ಸಿಮ್ಯುಲೇಷನ್ ಎಂದು ಹೆಸರು. ಕನ್ನಡದಲ್ಲಿ ಅನುಕರಣೆ ಎನ್ನಬಹುದು.

ಅದರ ಉಪಾಯ ಸರಳ. ಪೆಟ್ಟಿಗೆಯೊಳಗಿನ ಜಾಗವನ್ನೆಲ್ಲ ಚೌಕಾಬಾರದ ಮನೆಗಳಂತೆ ಪುಟ್ಟ ಪುಟ್ಟ ಮನೆಗಳಾಗಿ ಭಾಗಿಸುತ್ತಾರೆ. ಚೌಕಾಬಾರದ ಮನೆಗಳು ನೆಲದ ಮೇಲಿರುತ್ತವೆ. ಇಲ್ಲಿಯವು ಮೇಲೆ ಕೆಳಗೆ, ಅಕ್ಕ ಪಕ್ಕ ಎಲ್ಲ ಕಡೆಯೂ ಇರುತ್ತವೆ. ಪ್ರತಿ ಮನೆಗೂ ಅಂಗಡಿಯವರ ಲೆಕ್ಕದ ಪುಸ್ತಕದಂತೆ ಒಂದು ಲೆಕ್ಕ ಇಡುತ್ತಾರೆ. ಈ ಮನೆಗೆ ಎಷ್ಟು ಗಾಳಿ ಬಂತು, ಎಷ್ಟು ಹೋಯಿತು? ಎಷ್ಟು ಶಾಖ ಬಂತು, ಎಷ್ಟು ಹೋಯಿತು? ಬಂದದ್ದೂ ಹೋದದ್ದೂ ಎಲ್ಲ ಮನೆಗಳಲ್ಲಿಯೂ ಸರಿದೂಗುವವರೆಗೆ ಲೆಕ್ಕವನ್ನು ಮತ್ತೆ ಮತ್ತೆ ತಿದ್ದುತ್ತಾರೆ.

ಮಾಡಿ ನೋಡಿ – 2: ಸ್ಲೇಟಿನ ಸಿಮ್ಯುಲೇಷನ್

ಐದು ಮಕ್ಕಳು ಸ್ಲೇಟು ಹಿಡಿದು ಸಾಲಾಗಿ ನಿಲ್ಲಿ. ಒಬ್ಬೊಬ್ಬರೂ ಒಂದೊಂದು ಮನೆ. ಮೊದಲನೆಯವರು ಗಾಳಿಯ ಕಿಂಡಿ; ಅವರ ಸ್ಲೇಟಿನಲ್ಲಿ ಯಾವಾಗಲೂ 40. ಐದನೆಯವರು ಬಿಸಿ ಚಿಪ್. ಅವರ ಸ್ಲೇಟಿನಲ್ಲಿ ಯಾವಾಗಲೂ 80. ನಡುವಿನ ಮೂವರು ಮೊದಲಿಗೆ 40 ಎಂದು ಬರೆದುಕೊಳ್ಳಿ. ಇವು ಉಷ್ಣತೆಯ ಡಿಗ್ರಿಗಳು.

ಮೊದಲ ಆಟ, ಗಾಳಿ ಇಲ್ಲ. ಶಿಕ್ಷಕರು ಚಪ್ಪಾಳೆ ತಟ್ಟಿದಾಗ ನಡುವಿನ ಮೂವರೂ ತಮ್ಮ ಎಡ ಬಲದವರ ಸ್ಲೇಟುಗಳನ್ನು ನೋಡಿ, ಆ ಎರಡು ಸಂಖ್ಯೆಗಳ ಸರಾಸರಿಯನ್ನು ಒಟ್ಟಿಗೇ ಬರೆಯಬೇಕು.

ಆರಂಭ: 40, 40, 40, 40, 80
1ನೇ ಚಪ್ಪಾಳೆ: 40, 40, 40, 60, 80
2ನೇ ಚಪ್ಪಾಳೆ: 40, 40, 50, 60, 80
3ನೇ ಚಪ್ಪಾಳೆ: 40, 45, 50, 65, 80
4ನೇ ಚಪ್ಪಾಳೆ: 40, 45, 55, 65, 80
5ನೇ ಚಪ್ಪಾಳೆ: 40, 47.5, 55, 67.5, 80

ಹೀಗೆ ಮುಂದುವರಿಸಿದರೆ ಸಂಖ್ಯೆಗಳು 40, 50, 60, 70, 80ರ ಹತ್ತಿರಕ್ಕೆ ಬಂದು ನಿಲ್ಲುತ್ತವೆ. ಆಮೇಲೆ ಎಷ್ಟು ಚಪ್ಪಾಳೆ ತಟ್ಟಿದರೂ ಬದಲಾಗುವುದಿಲ್ಲ. ಲೆಕ್ಕ ಸರಿದೂಗಿತು ಎಂದರೆ ಇದೇ.

ಎರಡನೆಯ ಆಟ, ಕಿಂಡಿಯಿಂದ ಚಿಪ್ಪಿನ ಕಡೆಗೆ ಗಾಳಿ. ಗಾಳಿ ಬೀಸುವಾಗ ಪ್ರತಿ ಮನೆಯೂ ಗಾಳಿ ಬರುವ ಕಡೆಯ ನೆರೆಯವರ ಮಾತನ್ನೇ ಹೆಚ್ಚು ಕೇಳುತ್ತದೆ. ಆದ್ದರಿಂದ ಗಾಳಿ ಬರುವ ಕಡೆಯವರ ಸಂಖ್ಯೆಯನ್ನು 3ರಿಂದ ಗುಣಿಸಿ, ಇನ್ನೊಂದು ಕಡೆಯವರ ಸಂಖ್ಯೆಯನ್ನು ಕೂಡಿಸಿ, 4ರಿಂದ ಭಾಗಿಸಿ. (3 ಎಂಬುದು ನಮ್ಮ ಆಟಕ್ಕೆ ಆರಿಸಿಕೊಂಡ ಸಂಖ್ಯೆ. ಗಾಳಿ ಜೋರಾದರೆ ಇನ್ನೂ ದೊಡ್ಡ ಸಂಖ್ಯೆ.) ಕೊನೆಗೆ ದೊರೆಯುವ ಉತ್ತರ:

40, 41, 44, 53, 80

ನಂಬಿಕೆ ಬಾರದಿದ್ದರೆ ನಡುವಿನ ಮನೆಯನ್ನು ಪರೀಕ್ಷಿಸಿ: 3 × 41 = 123; 123 + 53 = 176; 176 ÷ 4 = 44. ಸರಿದೂಗಿತು!

ಮೂರನೆಯ ಆಟ, ಫ್ಯಾನ್ ತಿರುಗುಮುರುಗು. ಈಗ ಗಾಳಿ ಚಿಪ್ಪಿನಿಂದ ಕಿಂಡಿಯ ಕಡೆಗೆ. ಉತ್ತರ:

40, 67, 76, 79, 80

ಅದೇ ಚಿಪ್, ಅದೇ ಕಿಂಡಿ, ಅಷ್ಟೇ ಗಾಳಿ. ಆದರೆ ನಡುವಿನ ಮನೆ ಒಮ್ಮೆ 44, ಒಮ್ಮೆ 76! ಆ ಮನೆಯಲ್ಲಿ ಕೆಪ್ಯಾಸಿಟರ್ ಎಂಬ ಪುಟ್ಟ ಡಬ್ಬಿಯಂಥ ಭಾಗ ಇದೆಯೆಂದುಕೊಳ್ಳಿ. ಕೆಲವು ಬಗೆಯ ಕೆಪ್ಯಾಸಿಟರುಗಳ ಒಳಗೆ ತೇವದ ರಾಸಾಯನಿಕ ಇರುತ್ತದೆ. ಬಿಸಿ ಹೆಚ್ಚಿದಷ್ಟೂ ಅದು ಬೇಗ ಒಣಗುತ್ತದೆ. ಉಷ್ಣತೆ 10° ಸೆ. ಏರಿದಾಗಲೆಲ್ಲ ಅದರ ಆಯುಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ಎಂಜಿನಿಯರುಗಳು ಬಳಸುವ ಅಂದಾಜು. 44ರಿಂದ 76 ಎಂದರೆ 30 ಡಿಗ್ರಿಗೂ ಹೆಚ್ಚು. ಅರ್ಧದ ಅರ್ಧದ ಅರ್ಧ, ಎಂದರೆ ಎಂಟನೆಯ ಒಂದು ಭಾಗ. ಎಂಟು ವರ್ಷ ಬಾಳಬೇಕಾದದ್ದು ಒಂದೇ ವರ್ಷ ಬಾಳೀತು. ಯಂತ್ರ ಬಾಳುವುದೋ ಕೆಡುವುದೋ ಎಂಬುದು ಗಾಳಿಯ ದಿಕ್ಕನ್ನೂ ಅವಲಂಬಿಸಿದೆ.

ನಮ್ಮ ಆಟದಲ್ಲಿ ಮನೆಗಳು ಐದು. ನಿಜವಾದ ಸಿಮ್ಯುಲೇಷನ್ನಿನಲ್ಲಿ ಲಕ್ಷಾಂತರ ಮನೆಗಳು. ನಾವು ಚಿಪ್ಪಿನ ಉಷ್ಣತೆ 80 ಎಂದು ಮೊದಲೇ ಇಟ್ಟುಕೊಂಡೆವು. ನಿಜವಾದ ಲೆಕ್ಕದಲ್ಲಿ ಚಿಪ್ ಎಷ್ಟು ವ್ಯಾಟ್ ಶಾಖ ಬಿಡುತ್ತದೆಂದು ಕೊಟ್ಟು, ಅದರ ಉಷ್ಣತೆಯನ್ನೂ ಕಂಡುಹಿಡಿಯುತ್ತಾರೆ. ನಾವು ಗಾಳಿಯ ದಿಕ್ಕನ್ನೂ ನಾವೇ ಹೇಳಿದೆವು. ಅಲ್ಲಿ ಅದನ್ನೂ ಲೆಕ್ಕವೇ ಹೇಳಬೇಕು. ಇಷ್ಟನ್ನೂ ಕೈಯಿಂದ ಮಾಡಲು ಜೀವಮಾನ ಸಾಲದು. ಅದಕ್ಕೇ ಗಣಕ ಬೇಕು. ಗಣಕವನ್ನು ತಂಪಾಗಿಡುವ ಲೆಕ್ಕವನ್ನು ಗಣಕವೇ ಮಾಡಿಕೊಡುತ್ತದೆ!

ಈ ವಿದ್ಯೆ ಬೆಳೆದ ಬಗೆ

ಗಾಳಿ, ನೀರುಗಳ ಹರಿವಿನ ನಿಯಮಗಳನ್ನು ಸಮೀಕರಣಗಳಾಗಿ ಬರೆದವರಲ್ಲಿ ಫ್ರಾನ್ಸಿನ ನಾವಿಯೇ ಮತ್ತು ಬ್ರಿಟನ್ನಿನ ಸ್ಟೋಕ್ಸ್ ಮುಖ್ಯರು. ಇದು 19ನೇ ಶತಮಾನದ ಮಾತು. ಸಮೀಕರಣಗಳೇನೋ ಸಿಕ್ಕವು, ಆದರೆ ಅವನ್ನು ಬಿಡಿಸುವುದು ಬಹಳ ಕಷ್ಟವಾಗಿತ್ತು.

ಜಾಗವನ್ನು ಮನೆಗಳಾಗಿ ಭಾಗಿಸಿ ಲೆಕ್ಕ ಮಾಡುವ ದೊಡ್ಡ ಸಾಹಸಕ್ಕೆ ಕೈಹಾಕಿದವರು ಇಂಗ್ಲೆಂಡಿನ ಲೂಯಿಸ್ ಫ್ರೈ ರಿಚರ್ಡ್‌ಸನ್. ಅವರು ಲೆಕ್ಕ ಮಾಡಿದ್ದು ಪೆಟ್ಟಿಗೆಯ ಗಾಳಿಯನ್ನಲ್ಲ, ಆಕಾಶದ ಗಾಳಿಯನ್ನು. ಮೊದಲ ಮಹಾಯುದ್ಧದ ಕಾಲದಲ್ಲಿ ಅವರು ಫ್ರಾನ್ಸಿನಲ್ಲಿ ಗಾಯಾಳುಗಳನ್ನು ಸಾಗಿಸುವ ಆಂಬುಲೆನ್ಸಿನ ಚಾಲಕರಾಗಿದ್ದರು. ಬಿಡುವಿನ ವೇಳೆಯಲ್ಲಿ ಯೂರೋಪಿನ ನಕ್ಷೆಯನ್ನು ಚೌಕಗಳಾಗಿ ಭಾಗಿಸಿ, 1910ರ ಮೇ 20ರ ಹವೆಯನ್ನು ಕೈಯಿಂದಲೇ ಲೆಕ್ಕ ಮಾಡಿದರು. 1922ರಲ್ಲಿ ಅದನ್ನು ಪುಸ್ತಕವಾಗಿ ಪ್ರಕಟಿಸಿದರು. ಒಂದು ಭಾರಿ ಸಭಾಂಗಣದಲ್ಲಿ 64,000 ಜನ ಕುಳಿತು, ಒಬ್ಬೊಬ್ಬರು ಒಂದೊಂದು ಭಾಗದ ಲೆಕ್ಕ ಮಾಡಿ ಪಕ್ಕದವರಿಗೆ ತೋರಿಸುವ ಕನಸನ್ನೂ ಅದರಲ್ಲಿ ಕಂಡರು. ನಮ್ಮ ಸ್ಲೇಟಿನ ಆಟ ಅದರ ಪುಟ್ಟ ರೂಪ.

ಮುಂದೆ ಗಣಕಗಳು ಬಂದವು. ಪುಣೆಯಲ್ಲಿ ಎಂಜಿನಿಯರಿಂಗ್ ಓದಿದ ಸುಹಾಸ್ ಪಾಟಣಕರ್ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಬ್ರಯಾನ್ ಸ್ಪಾಲ್ಡಿಂಗ್ ಅವರ ಜೊತೆ ಸಂಶೋಧನೆ ಮಾಡಿದರು. 1972ರಲ್ಲಿ ಇವರಿಬ್ಬರೂ ಹರಿವಿನ ಲೆಕ್ಕ ಬಿಡಿಸುವ ಒಂದು ಕ್ರಮವನ್ನು ಪ್ರಕಟಿಸಿದರು. ಮೊದಲು ಪ್ರತಿ ಮನೆಯ ಒತ್ತಡವನ್ನು ಊಹಿಸು; ಅದರಿಂದ ಗಾಳಿಯ ವೇಗವನ್ನು ಲೆಕ್ಕ ಮಾಡು; ಬಂದ ಗಾಳಿಯೂ ಹೋದ ಗಾಳಿಯೂ ಸರಿದೂಗದಿದ್ದರೆ ಊಹೆಯನ್ನು ತಿದ್ದು; ಮತ್ತೆ ಲೆಕ್ಕ ಮಾಡು. ಈ ಕ್ರಮಕ್ಕೆ ‘ಸಿಂಪಲ್’ ಎಂದೇ ಹೆಸರು. ಇಂದಿಗೂ ಇದು ಮತ್ತು ಇದರಿಂದ ಬೆಳೆದ ಕ್ರಮಗಳು ಬಳಕೆಯಲ್ಲಿವೆ. 1986ರಲ್ಲಿ ನಮ್ಮ ಬೆಂಗಳೂರಿನ ಎನ್‌ಎಎಲ್ ಪ್ರಯೋಗಾಲಯದಲ್ಲಿ ಹರಿವಿನ ಲೆಕ್ಕಗಳಿಗಾಗಿ ಫ್ಲೋಸಾಲ್ವರ್ ಎಂಬ ಗಣಕವನ್ನು ಕಟ್ಟಿದರು. ಅದರಲ್ಲಿ ಹಲವು ಪ್ರೊಸೆಸರುಗಳು ಒಂದೇ ಲೆಕ್ಕವನ್ನು ಹಂಚಿಕೊಂಡು ಒಟ್ಟಿಗೆ ಮಾಡುತ್ತಿದ್ದವು. 1989ರಲ್ಲಿ ಇಂಗ್ಲೆಂಡಿನಲ್ಲಿ ಎಲೆಕ್ಟ್ರಾನಿಕ್ ಉಪಕರಣಗಳ ತಂಪಿಗೆಂದೇ ಫ್ಲೋಥರ್ಮ್ ಎಂಬ ತಂತ್ರಾಂಶ ಹೊರಬಂತು.

ಲೆಕ್ಕವನ್ನು ಹಾಗೆಯೇ ನಂಬಬಹುದೇ?

ರಿಚರ್ಡ್‌ಸನ್ ಅವರ ಲೆಕ್ಕದ ಕಥೆ ಇನ್ನೂ ಮುಗಿದಿಲ್ಲ. ಆರು ಗಂಟೆಗಳಲ್ಲಿ ಗಾಳಿಯ ಒತ್ತಡ 145 ಮಿಲಿಬಾರ್ ಏರುವುದೆಂದು ಅವರ ಉತ್ತರ ಹೇಳಿತು. ನಿಜವಾಗಿ ಆ ದಿನ ಒತ್ತಡ ಹೆಚ್ಚುಕಡಿಮೆ ಇದ್ದ ಹಾಗೆಯೇ ಇತ್ತು! ಅವರ ದಾರಿ ತಪ್ಪಾಗಿರಲಿಲ್ಲ. ಆರಂಭದಲ್ಲಿ ತೆಗೆದುಕೊಂಡ ಅಳತೆಗಳು ಒಂದಕ್ಕೊಂದು ಸರಿಹೊಂದಿರಲಿಲ್ಲ. ಆದರೂ ಅವರು ಆ ತಪ್ಪು ಉತ್ತರವನ್ನು ಮುಚ್ಚಿಡದೆ ಪುಸ್ತಕದಲ್ಲಿ ಅಚ್ಚು ಹಾಕಿಸಿದರು. ಮುಂದಿನವರು ಅದರಿಂದಲೇ ಕಲಿತರು.

ಸಿಮ್ಯುಲೇಷನ್ ಮಾಡುವವರಿಗೆ ಇದು ದೊಡ್ಡ ಪಾಠ. ಗಣಕವು ಕೆಂಪು ನೀಲಿ ಬಣ್ಣಗಳಲ್ಲಿ ಅಂದವಾದ ಚಿತ್ರ ತೋರಿಸುತ್ತದೆ. ಕೆಂಪು ಬಿಸಿ, ನೀಲಿ ತಂಪು. ಆದರೆ ಫ್ಯಾನಿನ ವೇಗವನ್ನೋ ಕಿಂಡಿಯ ಅಳತೆಯನ್ನೋ ತಪ್ಪಾಗಿ ಕೊಟ್ಟಿದ್ದರೆ ಚಿತ್ರವೂ ತಪ್ಪೇ. ಆದ್ದರಿಂದ ಒಳ್ಳೆಯ ಎಂಜಿನಿಯರು ಎರಡು ಪರೀಕ್ಷೆ ಮಾಡುತ್ತಾರೆ. ಒಂದು, ಮನೆಗಳನ್ನು ಇನ್ನೂ ಚಿಕ್ಕದು ಮಾಡಿ ಲೆಕ್ಕ ಹಾಕಿ, ಉತ್ತರ ಬದಲಾಗುವುದೋ ನೋಡುವುದು. ಎರಡು, ಒಂದು ಯಂತ್ರವನ್ನು ನಿಜವಾಗಿ ಕಟ್ಟಿ, ಮುಖ್ಯ ಜಾಗಗಳಲ್ಲಿ ಉಷ್ಣತೆ ಅಳೆಯುವ ತಂತಿಗಳನ್ನು ಅಂಟಿಸಿ, ಅಳತೆಯೂ ಲೆಕ್ಕವೂ ಹೊಂದುತ್ತವೆಯೇ ನೋಡುವುದು. ಹೊಂದಿದರೆ ಮಾತ್ರ ಆ ಲೆಕ್ಕವನ್ನು ನಂಬುತ್ತಾರೆ.

ನಮ್ಮ ಶಾಲೆಯ ಗಣಕಕ್ಕೆ

ಪೆಟ್ಟಿಗೆಯ ಪ್ರತಿ ಕಿಂಡಿಯೂ ಯಾರೋ ಯೋಚಿಸಿ ಇಟ್ಟ ಕಿಂಡಿ. ಅದನ್ನು ಮುಚ್ಚಿದರೆ ಅವರ ಲೆಕ್ಕವೆಲ್ಲ ವ್ಯರ್ಥ. ಆದ್ದರಿಂದ:

1. ಗಣಕ ಕೆಲಸ ಮಾಡುವಾಗ ಅದರ ಮೇಲೆ ಬಟ್ಟೆ ಹೊದಿಸಬೇಡಿ. ಆರಿಸಿ, ಬಿಸಿ ತಣಿದ ಮೇಲೆ ಹೊದಿಸಿ.
2. ಪೆಟ್ಟಿಗೆಯನ್ನು ಗೋಡೆಗೆ ಒತ್ತಿ ಇಡಬೇಡಿ. ಹಿಂದೆ ಒಂದು ಗೇಣಾದರೂ ಜಾಗ ಇರಲಿ.
3. ಕಿಂಡಿಗಳ ಎದುರು ಪುಸ್ತಕ, ಚೀಲ ಇಡಬೇಡಿ.
4. ಕಿಂಡಿಗಳಲ್ಲಿ ದೂಳು ಕಟ್ಟಿದ್ದರೆ ಶಿಕ್ಷಕರಿಗೆ ತಿಳಿಸಿ. ಪೆಟ್ಟಿಗೆಯನ್ನು ನೀವೇ ಬಿಚ್ಚಬೇಡಿ.

ಯೋಚಿಸಿ, ಉತ್ತರಿಸಿ

1. 240 ವ್ಯಾಟಿನ ಗಣಕಕ್ಕೆ ಪ್ರತಿ ಸೆಕೆಂಡಿಗೆ ಎಷ್ಟು ಲೀಟರ್ ಗಾಳಿ ಬೇಕು? (ಗಾಳಿಯ ಉಷ್ಣತೆ 10° ಸೆ. ಏರಲಿ.)
2. ಮೂರನೆಯ ಆಟದ ಉತ್ತರದಲ್ಲಿ ಎರಡನೆಯ ಮನೆಯ 67 ಸರಿಯೇ? ನಿಯಮ ಹಾಕಿ ಪರೀಕ್ಷಿಸಿ.
3. ಕೋಣೆಯ ಗಾಳಿಯೇ 30° ಸೆ. ಇದ್ದರೆ, ಫ್ಯಾನ್ ಎಷ್ಟು ಜೋರಾಗಿ ತಿರುಗಿದರೂ ಚಿಪ್ಪನ್ನು 25° ಸೆ.ಗೆ ತರಲಾಗದು. ಏಕೆ?
4. ನಿಮ್ಮ ಅಡುಗೆಮನೆಯ ಹೊಗೆ ಯಾವ ದಾರಿಯಲ್ಲಿ ಹೊರಹೋಗುತ್ತದೆ? ಒಂದು ಕಿಟಕಿಯನ್ನು ಮುಚ್ಚಿದರೆ ಆ ದಾರಿ ಹೇಗೆ ಬದಲಾಗುತ್ತದೆ? ನಕ್ಷೆ ಬರೆಯಿರಿ.

ಶಿಕ್ಷಕರಿಗೆ

ಸ್ಲೇಟಿನ ಆಟದಲ್ಲಿ ಮೂವರೂ ಒಟ್ಟಿಗೇ ಸಂಖ್ಯೆ ಬದಲಿಸುವಂತೆ ನೋಡಿಕೊಳ್ಳಿ. ದಶಮಾಂಶ ಬಂದಾಗ ಒಂದು ಸ್ಥಾನಕ್ಕೆ ಸರಿಪಡಿಸಿದರೆ ಸಾಕು. ಯಾರಾದರೂ ಒಬ್ಬರು ತಪ್ಪು ಸಂಖ್ಯೆ ಬರೆದರೆ ಆಟ ನಿಲ್ಲಿಸಬೇಡಿ. ಆ ತಪ್ಪು ಪಕ್ಕದವರಿಗೆ ಹೇಗೆ ಹರಡುತ್ತದೆ, ಮುಂದಿನ ಚಪ್ಪಾಳೆಗಳಲ್ಲಿ ನಿಯಮ ಸರಿಯಾಗಿ ಪಾಲಿಸಿದರೆ ಹೇಗೆ ಕರಗಿಹೋಗುತ್ತದೆ ಎಂಬುದನ್ನು ಮಕ್ಕಳೇ ಕಂಡುಕೊಳ್ಳಲಿ. ಆಮೇಲೆ ಕಿಂಡಿಯ 40ನ್ನೇ ತಪ್ಪಾಗಿ 50 ಎಂದು ಬರೆಸಿ ಆಡಿಸಿ. ಈ ತಪ್ಪು ಕರಗುವುದಿಲ್ಲ. ಎರಡಕ್ಕೂ ಇರುವ ವ್ಯತ್ಯಾಸವೇನು ಎಂಬುದನ್ನು ತರಗತಿಯಲ್ಲಿ ಚರ್ಚಿಸಿ.